ಒಂದೇ ಸಲಕ್ಕೆ ಎರಡು ಹೆಬ್ಬೆಟ್ಟು

ಅಜ್ಜಂಪುರ, ಸೋಮವಾರ

ದೊಡ್ಡಮ್ಮನಿಗೆ ಭೂಮಿಕಾಳ ನಮಸ್ಕಾರ.

ಈ ಊರಿನ ದಾರಿಗಳೇ ಇನ್ನೂ ಗೊತ್ತಾಗಿಲ್ಲ, ಆದರೆ ವಕೀಲರ ಆಫೀಸಿನ ಕಾಗದಪತ್ರವೆಲ್ಲ ಈಗ ನನ್ನ ಕೈಯಲ್ಲೇ. ಬದುವಿನ ತೆಂಗಿನಮರಕ್ಕಾಗಿ ಒಂಬತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಇವತ್ತು ರಾಜಿಪತ್ರಕ್ಕೆ ಬಂದರು. ಮೊದಲು ಸಹಿ ಹಾಕಿದವನು ಸೋತಂತೆ ಎಂದು ಇಬ್ಬರೂ ಪೆನ್ನು ಮುಟ್ಟಲಿಲ್ಲ. ವಕೀಲರು ತಲೆ ಹಿಡಿದು ಕೂತರು. ನಾನು ಇಂಕ್ ಪ್ಯಾಡನ್ನು ನಡುವೆ ಇಟ್ಟು, "ಇಬ್ರೂ ಒಟ್ಟಿಗೇ ಹೆಬ್ಬೆಟ್ಟು ಒತ್ರಿ" ಎಂದೆ. ಒತ್ತಿದರು! ಅಣ್ಣ ತಮ್ಮನ ಗುರುತನ್ನು ಬಗ್ಗಿ ನೋಡಿ, "ಲೇ, ಅದೇ ಚಪ್ಪಟೆ ಹೆಬ್ಬೆಟ್ಟು! ಥೇಟ್ ಅಪ್ಪಂದೇ ಕಣೋ" ಅಂದುಬಿಟ್ಟ. ತಮ್ಮನಿಗೆ ನಗು ತಡೆಯಲಾಗಲಿಲ್ಲ.

ನೀನು ಕಟ್ಟಿಕೊಟ್ಟ ಕಷಾಯದ ಪುಡಿಗೆ ಕೆಮ್ಮು ನಿಂತಿದೆ. ಟಪಾಲು ಹೊರಡುವ ಹೊತ್ತಾಯಿತು. ಈ ಕಾಗದದ ಮೂಲೆಯ ನೇರಳೆ ಗುರುತು ನನ್ನ ಹೆಬ್ಬೆಟ್ಟಿನದು, ಅದೇ ಸಹಿ. ಅಮ್ಮನದರ ಹಾಗಿದೆಯಾ, ನಿನ್ನದರ ಹಾಗಿದೆಯಾ, ನೋಡಿ ಹೇಳು.