ಎರಡು ಚಮಚ ಮೊಸರು ಸಕ್ಕರೆ

ಶಾಂತಕ್ಕನಿಗೆ,

ನಿನ್ನ ತಂಗಿ ಗಂಗವ್ವ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಅಲ್ಲಲ್ಲಿ ತಪ್ಪಿದ್ದರೆ ನಗಬೇಡ. ನೀನೇನು ದೊಡ್ಡ ಪಂಡಿತಳೇ, ಮೂರನೇ ಇಯತ್ತೆ! ನಿನ್ನ ಮಗಳು ಗಿರಿಜಾಳ ಸುದ್ದಿ ಇದೆ. ಅದನ್ನು ಕಡೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವ ಧೈರ್ಯ ನನಗೆ ಉಳಿಯುವುದಿಲ್ಲ.

ಗಿರಿಜಾಳ ಮನೆ ಇರುವ ಈ ತೆಲುಗು ಊರಿನಲ್ಲಿ, ಮೆಹದಿಪಟ್ಟಣಂ ಬಸ್ಸಿನಲ್ಲಿ, ಒಂದು ದಿನ ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತು ಗಿರಿಜಾಳಿಗೆ ಸೀಟು ಬಿಟ್ಟುಕೊಟ್ಟಳು. ಬಸುರಿ ಎಂದುಕೊಂಡಿರಬೇಕು. ನಲವತ್ತೆಂಟು ವಯಸ್ಸಿಗೆ! ಗಿರಿಜಾ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ ಅಕ್ಕಾ. ಆ ಹೊಟ್ಟೆ ನನಗೆ ಗೊತ್ತಿತ್ತು. ಅದು ನಿನ್ನ ಹೊಟ್ಟೆ. ಅವಳ ಗಂಡ ಸುರೇಶ ಗ್ಯಾಸು ಎಂದ, ಅವಳು ವಯಸ್ಸು ಎಂದಳು. ನಾನು ಅವಳ ತಲೆಯ ಕೆಳಗಿನ ದಿಂಬು ಎಣಿಸುತ್ತಿದ್ದೆ. ಮೊದಲು ಎರಡು, ಆಮೇಲೆ ಮೂರು, ಕಡೆಗೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದಳು. ನೀನು ಬೀಸುವ ಕಲ್ಲಿನ ಪಕ್ಕದ ಗೋಡೆಗೆ ಒರಗುತ್ತಿದ್ದೆಯಲ್ಲ, ಹಾಗೇ. ಆ ಗೋಡೆಯ ಮೇಲೆ ನಿನ್ನ ತಲೆಯೆಣ್ಣೆಯ ಕಲೆ ನೀನು ಹೋದ ಮೇಲೂ ಎಷ್ಟು ವರ್ಷ ಇತ್ತು...

ಆಸ್ಪತ್ರೆಯಲ್ಲಿ ಹೊಟ್ಟೆಯ ಫೋಟೋ ತೆಗೆದರು. ಅಂಡಾಶಯದಿಂದ ಎದ್ದ ಗಡ್ಡೆ, ಎದೆಯ ಗೂಡಿನವರೆಗೂ ತುಂಬಿಕೊಂಡಿದೆ ಎಂದರು. ಕೊಯ್ಯುವ ಡಾಕ್ಟರಿಗಿಂತ ನನಗೆ ಹೆದರಿಕೆ ಮತ್ತಿನ ಡಾಕ್ಟರದು. ನೋಡಿದರೆ ರಾಯಚೂರು ಕಡೆಯ ಸಣ್ಣ ಹೆಣ್ಣುಮಗಳು, ಕಣ್ಣ ಕೆಳಗೆ ಕಪ್ಪು.

"ಯವ್ವಾ, ಮತ್ತು ಕೊಡಾಕಿ ನೀನ ಏನು? ನೀನ ನಿದ್ದಿಗೆಟ್ಟು ಬಂದಂಗ ಕಾಣ್ತೀ" ಎಂದೆ.

"ನಿದ್ದಿ ಮಾರೋ ಅಂಗಡಿ ನಂದು ಅಜ್ಜಿ, ನನಗ ಉಳಿಯಂಗಿಲ್ಲ" ಎಂದು ನಕ್ಕಳು. ಆಮೇಲೆ ನಗು ಬಿಟ್ಟು ಗಿರಿಜಾಳನ್ನು ಕೇಳಿದಳು: "ಅಕ್ಕಾರ, ಅಂಗಾತ ಮಲಗಿ ಎಷ್ಟ ದಿನ ಆತ್ರಿ?"

ಗಿರಿಜಾ ನನ್ನ ಮುಖ ನೋಡಿದಳು. "ನಾಕು ತಿಂಗಳಾತು" ಎಂದು ನಾನೇ ಹೇಳಿದೆ.

"ಅದ ನಮಗ ಕಷ್ಟ ಅಜ್ಜಿ. ಅಂಗಾತ ಮಲಗಿಸಿದ್ರ ಗಡ್ಡಿ ಭಾರ ಎಲ್ಲಾ ಬೆನ್ನಿನ ಕಡಿ ರಕ್ತದ ದೊಡ್ಡ ನರದ ಮ್ಯಾಲ ಬೀಳತೈತಿ. ಕೆಳಗಿನ ರಕ್ತ ಎದಿಗೆ ತಿರುಗಿ ಬರಂಗಿಲ್ಲ. ಅದಕ್ಕ ಟೇಬಲ್ ಎಡಕ್ಕ ವಾಲಿಸಿ ಇಡ್ತೀವಿ. ಉಸಿರಿನ ನಳಿಗಿ ಎಚ್ಚರ ಇದ್ದಾಗನ ಇಳಸ್ತೀವಿ, ಆಮ್ಯಾಲ ನಿದ್ದಿ."

"ಎಚ್ಚರ ಇದ್ದಾಗನ? ಗಂಟಲಾ, ಗಟಾರಾ?"

"ಗಂಟಲಿಗೆ ಮೊದಲ ಜೋಮು ಹಿಡಸ್ತೀವಿ ಅಜ್ಜಿ. ನಿದ್ದಿ ಕೊಟ್ಟ ಮ್ಯಾಲ ನಳಿಗಿ ಹೋಗಲಿಲ್ಲಂದ್ರ ಉಸಿರಿಗೆ ಬ್ಯಾರೆ ದಾರಿನ ಇರಂಗಿಲ್ಲ."

ಗಡ್ಡೆಯನ್ನು ಹೊರಗೆ ತೆಗೆಯುವ ಹೊತ್ತೇ ಎಲ್ಲಕ್ಕಿಂತ ಗಂಡಾಂತರದ್ದಂತೆ. ಇಷ್ಟು ದಿನ ಒತ್ತಿ ಹಿಡಿದ ಭಾರ ಒಮ್ಮೆಲೇ ಹೋದರೆ ರಕ್ತವೆಲ್ಲ ಖಾಲಿಯಾದ ಹೊಟ್ಟೆಯ ಕಡೆ ಹರಿದು ಬಿ.ಪಿ. ಕುಸಿಯುತ್ತದಂತೆ. ತಲೆಯ ಮೇಲಿನ ಎರಡು ಕೊಡ ಯಾರಾದರೂ ಥಟ್ಟನೆ ಎತ್ತಿಕೊಂಡರೆ ನಾವು ಮುಗ್ಗರಿಸುತ್ತಿದ್ದೆವಲ್ಲ, ಹಾಗೆ ಎಂದು ನಾನು ತಿಳಿದುಕೊಂಡೆ. ನಮಗೆ ಮುಗ್ಗರಿಸಿದರೆ ನೆಲ ಸಿಗುತ್ತಿತ್ತು. ಅವಳಿಗೆ?

ಎತ್ತಿನ ಗಾಡಿ ಬಾಗಿಲಲ್ಲಿ ನಿಂತ ದಿನ ನಿನಗೆ ನೆನಪಿದೆಯೇ? ಏಕೆ ಕೇಳುತ್ತೇನೆ, ನಿನಗೆ ನೆನಪಿಲ್ಲದೆ ಯಾರಿಗಿರುತ್ತದೆ. ದೊಡ್ಡ ಊರಿನ ಆಸ್ಪತ್ರೆಗೆ ನೀನು ಹೊರಟಿದ್ದೆ. ಊರು ಬಿಡುವವರ ಅಂಗೈಗೆ ಮೊಸರು ಸಕ್ಕರೆ ಹಾಕಬೇಕು, ಅವರು ನೆಕ್ಕಿ ಹೊಸ್ತಿಲು ದಾಟಬೇಕು, ಅದು ನಮ್ಮ ಮನೆಯ ಪದ್ಧತಿ. ಬಟ್ಟಲು ನನ್ನ ಕೈಯಲ್ಲಿತ್ತು. ನೀನು ಅಂಗೈ ಚಾಚಿದೆ. ಆರು ವರ್ಷದ ಗಿರಿಜಾ ನಿನ್ನ ಸೆರಗು ಹಿಡಿದು ನಿಂತಿದ್ದಳು. ಅವಳನ್ನು ನೋಡಿ, ಇವಳ ಗತಿ ಏನು ಎಂದು ಹೆದರಿ ಬಾಯಿ ಬಿಟ್ಟೆ: "ಹೋಗ್ತೀ ಹೋಗು. ಮತ್ತಿನ ಸೂಜಿ ಚುಚ್ಚಿಸಿಕೊಂಡಾಕಿ ಎದ್ದು ಬರ್ತೀ ಅಂತ ಯಾರು ಬರಕೊಟ್ಟಾರ?" ನೀನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ, ಒಳಗೆ ಹೋದೆ, ಗೋಡೆಗೆ ಒರಗಿದೆ. ಐದು ತಿಂಗಳು, ಆಮೇಲೆ ನೀನೇ ಇಲ್ಲ. ಗಾಡಿ ಮತ್ತೆ ಬಾಗಿಲಿಗೆ ಬರಲಿಲ್ಲ. ಶಾಂತಾ ತಾನಾಗೇ ಒಲ್ಲೆ ಎಂದಳು ಎಂದು ಊರಿಗೆಲ್ಲ ಹೇಳಿದವಳು ನಾನೇ. ಗಿರಿಜಾಳಿಗೂ ಅದೇ ಹೇಳಿ ಬೆಳೆಸಿದೆ.

ಆಪರೇಷನ್ ದಿನ ಬೆಳಗಿನ ಆರಕ್ಕೆ ನಾನು ವಾರ್ಡಿಗೆ ಹೋದೆ. ರಾತ್ರಿ ಊಟದ ಮೇಲೆ ನೀರು ಬಿಟ್ಟು ಬಾಯಿಗೆ ಏನೂ ಹಾಕಬಾರದೆಂದು ಹೇಳಿದ್ದರು. ನಾನು ಅಷ್ಟೂ ದಡ್ಡಿಯಲ್ಲ. ಚಹಾ ಕೊಡಲಿಲ್ಲ, ಬಿಸ್ಕಿಟ್ ಕೊಡಲಿಲ್ಲ. ಆದರೆ ಮೊಸರು ಸಕ್ಕರೆಯನ್ನು ನಮ್ಮಲ್ಲಿ ಯಾರು ತಿಂಡಿ ಎನ್ನುತ್ತಾರೆ ಹೇಳು? ಕುಂಕುಮ ಹಚ್ಚಿದ ಹಾಗೆ ಅದು. ಸೆರಗಿನಲ್ಲಿ ಮುಚ್ಚಿ ತಂದಿದ್ದ ಡಬ್ಬಿ ತೆಗೆದು ಎರಡು ಚಮಚ ಅವಳ ಅಂಗೈಗೆ ಹಾಕಿದೆ. ನಿನಗೆ ಹಾಕದೆ ಉಳಿಸಿಕೊಂಡದ್ದನ್ನು ನಿನ್ನ ಮಗಳಿಗೆ ಹಾಕಿದೆ ಎಂದುಕೊಂಡೆ. ಗಿರಿಜಾ ಮಗುವಿನ ಹಾಗೆ ನೆಕ್ಕಿದಳು.

ಏಳಕ್ಕೆ ನರ್ಸ್ ಬಂದು "ಏಮನ್ನಾ ತಿನ್ನಾರಾ?" ಎಂದು ತೆಲುಗಿನಲ್ಲಿ, ಏನಾದರೂ ತಿಂದಿರಾ ಎಂದು ಕೇಳಿದಳು. ಗಿರಿಜಾ ಇಲ್ಲವೆಂದು ತಲೆಯಾಡಿಸಿದಳು. ನಾನೂ ಆಡಿಸಿದೆ. ಸುಳ್ಳು ಎಂದು ನಮಗಿಬ್ಬರಿಗೂ ಅನ್ನಿಸಲೇ ಇಲ್ಲ. ಸ್ಟ್ರೆಚರ್ ಬಂತು. ಹಿಂದೆಯೇ ಮತ್ತಿನ ಡಾಕ್ಟರ್ ಬಂದು ಗಿರಿಜಾಳ ಕೈ ಹಿಡಿದು ಅದನ್ನೇ ಕೇಳಿದಳು. "ನೀರು ಬಿಟ್ಟು ಏನೂ ಇಲ್ಲ ಹೌದಿಲ್ರಿ ಅಕ್ಕಾರ? ನಿಮ್ಮ ಜಠರಾನ ಗಡ್ಡಿ ಮ್ಯಾಲಕ್ಕ ಒತ್ತೇತಿ. ಒಂದು ತುತ್ತು ಇದ್ದರೂ ನಿದ್ದಿ ಹತ್ತೂ ಹೊತ್ನ್ಯಾಗ ಗಂಟಲಿಗೆ ಬಂದು ಪುಪ್ಪುಸಕ್ಕ ಇಳೀತೈತಿ. ಆಮ್ಯಾಲ ನನ್ನ ಕೈಯಾಗ ಏನೂ ಇರಂಗಿಲ್ಲ."

ಡಬ್ಬಿ ನನ್ನ ಸೆರಗಿನೊಳಗೆ ಇತ್ತು ಅಕ್ಕಾ.  ಎರಡು ಚಮಚ ಏನು ಮಾಡೀತು? ಹೇಳಿದರೆ ಆಪರೇಷನ್ ನಿಲ್ಲುತ್ತದೆ, ಅಪಶಕುನ. ಅಳಿಯ ಎಲ್ಲರೆದುರು ಬೈಯುತ್ತಾನೆ. ಹೇಳದಿದ್ದರೆ... ಆಡಬಾರದ ದಿನ ಕತ್ತಿಯ ಹಾಗೆ ಆಡಿದ ನಾಲಿಗೆ ಇದೇ. ಆಡಬೇಕಾದಾಗ ಸತ್ತು ಬಿದ್ದಿತ್ತು. ಸ್ಟ್ರೆಚರಿನ ಗಾಲಿ ಹೊರಳಿದವು. ಲಿಫ್ಟಿನ ಬಾಗಿಲು ತೆರೆಯಿತು. ಅದರೊಳಗೆ ಹೋಗುವಾಗ ಗಿರಿಜಾ ನನ್ನ ಕಡೆಗೆ ಕೈ ಎತ್ತಿದಳು. ಅದೇ ಅಂಗೈ.

"ನಿಲ್ಲಸ್ರಿ!" ಎಂದು ಕೂಗಿದೆ. ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತೆ. "ಮೊಸರು ಕೊಟ್ಟೀನಿ. ನಾನ ಕೊಟ್ಟೀನಿ. ಆರಕ್ಕ. ಎರಡು ಚಮಚ."

ಸುರೇಶನ ಮುಖ ಕೆಂಪಾಯಿತು. "ಅತ್ತೀ, ನಿಮಗ ಬುದ್ಧಿ ಐತೇನು? ಎಷ್ಟ ಸಲ ಹೇಳಿದ್ರು!"

"ಇಲ್ಲೋ ಮಾರಾಯಾ, ಇದ್ದಿದ್ರ ನಿನಗ ಯಾಕ ಹೆಣ್ಣು ಕೊಡ್ತಿದ್ದೆ" ಎಂದೆ. ಬಾಯಿ ಹಾಗೆ ಅಂದಿತು, ಕೈ ಡಬ್ಬಿ ತೆಗೆದು ಡಾಕ್ಟರ್ ಮುಂದೆ ಹಿಡಿಯಿತು.

ಡಾಕ್ಟರ್ ಬೈಯಲಿಲ್ಲ. ಗಡಿಯಾರ ನೋಡಿದಳು, ಡಬ್ಬಿ ಇಸಕೊಂಡು ನೋಡಿದಳು, ಯಾರಿಗೋ ಫೋನು ಮಾಡಿದಳು. ಬೇರೆ ರೋಗಿಯನ್ನು ಮೊದಲು ಒಳಗೆ ಕರೆದುಕೊಂಡರು. ನಮ್ಮ ಸರದಿ ಮಧ್ಯಾಹ್ನ ಎರಡರ ಮೇಲೆ ಬಂತು.  ನಾನು ಕುರ್ಚಿಯಲ್ಲಿ ಕೂತು ನಿನ್ನನ್ನು ಬೈದೆ. ನಾನೊಂದು ಮಾತು ಅಂದರೆ ನೀನು ಕೇಳಬೇಕಿತ್ತೇ? ಒಂದು ಏಟು ಹೊಡೆದು ಗಾಡಿ ಹತ್ತಬಾರದಿತ್ತೇ?

ಬಾಗಿಲು ತೆರೆದಾಗ ಹೊರಗೆ ದೀಪ ಹಚ್ಚಿದ್ದರು. ಮತ್ತಿನ ಡಾಕ್ಟರ್ ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂತಳು. ಮುಖದ ಮೇಲೆ ಮಾಸ್ಕಿನ ಬರೆ ಇತ್ತು.

"ಗಡ್ಡಿ ಎತ್ತಿದಾಗ ಬಿ.ಪಿ. ಭಾಳ ಇಳೀತು ಅಜ್ಜಿ. ಹಿಡಕೊಂಡ್ವಿ. ಇವತ್ತು ಮಷೀನಿನ ಉಸಿರ ಇರಲಿ, ನಾಳೆ ನೋಡೂಣು." ಮತ್ತೆ ಹೇಳಿದಳು: "ನಿದ್ದಿಗಿಂತ ಮೊದಲ ಮೂಗಿನ್ಯಾಗ ನಳಿಗಿ ಹಾಕಿ ಹೊಟ್ಟಿ ಖಾಲಿ ಮಾಡಿದ್ವಿ. ಎಂಟು ತಾಸು ಆದ್ರೂ ಬೆಳ್ಳಗ ಬಂತು ಅಜ್ಜಿ. ನೀವು ಹೇಳಲಿಲ್ಲಂದ್ರ..."

 

ಮರುದಿನ ನಳಿಗೆ ತೆಗೆದಾಗ ಗಿರಿಜಾಳ ಗಂಟಲು ಒಡೆದ ಮಡಕೆಯಂತಿತ್ತು. "ಚಿಗವ್ವಾ" ಎಂದಳು, "ಡಬ್ಬ್ಯಾಗ ಇನ್ನೂ ಐತೇನು?" ಅಳುತ್ತ ನಗುತ್ತ ಅವಳಿಗೆ ಬೈದೆ.

ಮನೆಗೆ ಬಂದು ಇಂದಿಗೆ ಒಂಬತ್ತು ದಿನ. ಗಡ್ಡೆಯ ತುಂಡನ್ನು ಪರೀಕ್ಷೆಗೆ ಕಳಿಸಿದ್ದಾರೆ. ಅದು ಕೆಟ್ಟ ಗಡ್ಡೆಯೋ ಒಳ್ಳೆಯದೋ, ನಾಳೆ ಗೊತ್ತಾಗುತ್ತದಂತೆ. ಸುರೇಶ ಆಫೀಸಿಗೆ ಹೋಗಿದ್ದಾನೆ. ಒಳಕೋಣೆಯಲ್ಲಿ ಅವಳು ಒಬ್ಬಳೇ ಮಲಗಿದ್ದಾಳೆ. ಇದನ್ನು ಬರೆಯುವ ನಡುವೆ ನಾಲ್ಕು ಸಲ ಎದ್ದು ಹೋಗಿ ಮೂಗಿನ ಕೆಳಗೆ ಬೆರಳು ಹಿಡಿದು ಬಂದೆ.

ನಾಳೆಯ ಕಾಗದದಲ್ಲಿ ಏನಿದ್ದರೂ ಇದ್ದ ಹಾಗೇ ಅವಳಿಗೆ ಹೇಳುತ್ತೇನೆ, ನನ್ನ ಹೆದರಿಕೆ ಬೆರೆಸುವುದಿಲ್ಲ. ಅದಕ್ಕಿಂತ ಮೊದಲು ಇವತ್ತು, ಅವಳು ಎದ್ದ ಕೂಡಲೇ, ಗಾಡಿ ನಿಂತ ದಿನದ್ದನ್ನು ಹೇಳುತ್ತೇನೆ. ನಿನ್ನ ಅವ್ವ ತಾನಾಗೇ ಒಲ್ಲೆ ಅನ್ನಲಿಲ್ಲ, ಕೈ ಚಾಚಿದ್ದಳು ಎಂದು. ಆಮೇಲೆ ಅವಳು ನನ್ನನ್ನು ಚಿಗವ್ವ ಎನ್ನುತ್ತಾಳೋ ಇಲ್ಲವೋ, ನನಗೆ ಭಯ. ಆಪರೇಷನ್ನಿನ ದಿನಕ್ಕಿಂತ ಹೆಚ್ಚು ಭಯ.

ನಿನಗೆ ಹೇಳಬೇಕೆಂದಿದ್ದ ಸುದ್ದಿ ಇಷ್ಟೇ. ನಿನ್ನ ಮಗಳು ಅಂಗಾತ ಮಲಗಿದ್ದಾಳೆ ಅಕ್ಕಾ. ಒಂದೇ ದಿಂಬು.

ಒಳಗೆ ಬಳೆ ಸದ್ದಾಯಿತು. ಎದ್ದಳೆಂದು ಕಾಣುತ್ತದೆ. ಹೋಗುತ್ತೇನೆ.

ನಿನ್ನ ತಂಗಿ,
ಗಂಗವ್ವ