ಮಣ್ಣಿಲ್ಲದ ಸಸಿಗಳಿಗೆ ಚರಗ

ಇಟ್ಟಂಗಿಹಾಳ
೨೯ ಅಕ್ಟೋಬರ್ ೨೦೨೫, ಬುಧವಾರ

ಪ್ರೀತಿಯ ಹುಚ್ಚವ್ವಾ,

‘ಪ್ರೀತಿಯ’ ಅಂದದ್ದು ಕೇಳಿ ನೀನು ಸೆರಗು ಬಾಯಿಗೆ ಹಿಡಿದು ನಗುತ್ತಿರಬೇಕು. ಮದುವೆಯಾದಾಗಿನಿಂದ ನಿನಗೆ ಪತ್ರ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಏನೆಂದು ಕರೆಯಬೇಕೋ ತಿಳಿಯದೆ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಫೋನು ಹಚ್ಚಿದರೆ “ಕೇಳಸವಲ್ದು” ಅಂದು ಇಟ್ಟುಬಿಡುತ್ತೀ, ಪತ್ರವನ್ನು ಹಾಗೆ ಇಡಲು ಬರುವುದಿಲ್ಲ. ಮಗಳೇ ಸುವರ್ಣಾ, ಇದನ್ನು ನಿಮ್ಮವ್ವನಿಗೆ ಮೆಲ್ಲಗೆ ಓದಿ ಹೇಳು, ನಡುವೆ ನಿನ್ನ ಮಾತು ಸೇರಿಸಬೇಡ. ಹುಚ್ಚವ್ವಾ, ಮೊಣಕಾಲು ನೋವು ಹೇಗಿದೆ? ಬಬಲೇಶ್ವರದ ನೀರು ಒಗ್ಗಿತೇ? ರಾತ್ರಿ ನಿದ್ದೆ ಬರುತ್ತದೆಯೇ? ನನಗೆ ಹಗಲು ಬರುತ್ತದೆ, ರಾತ್ರಿ ಬರುವುದಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಗ ಶಿವಲಿಂಗ ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿಯ ಕೆಲಸಕ್ಕೆಂದು ಟಿಕೋಟಾದ ಕಡೆ ಹೋದವನು ಕತ್ತಲಾದ ಮೇಲೆ ಮನೆ ಸೇರುತ್ತಾನೆ, ಉಣ್ಣುತ್ತಲೇ ತೂಕಡಿಸುತ್ತಾನೆ. ದೀಪಾವಳಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಸೊಸೆ ಗೀತಾಂಜಲಿ ಹಬ್ಬದ ಪೂಜೆಗೆ ಸಗಣಿಯ ಪಾಂಡವರನ್ನು ಮಾಡಿದಳು. ಐವರಲ್ಲಿ ಇಬ್ಬರು ಒಂದೇ ಕಡೆಗೆ ವಾಲಿದ್ದರು. ನೀನಿದ್ದಿದ್ದರೆ ನೀನೇ ಅವಳ ಕೈ ಹಿಡಿದು ಸರಿ ಮಾಡಿಸುತ್ತಿದ್ದೆ.

ಮಧ್ಯಾಹ್ನವಾದರೆ ನಾನು ಅವಳ ಸಸಿಮನೆಯಲ್ಲಿ ಹೋಗಿ ಕೂಡುತ್ತೇನೆ. ಕಾಲು ತೊಳೆದೇ ಹೋಗುತ್ತೇನೆ, ಹೆದರಬೇಡ. ಹಸಿರು ಪರದೆಯೊಳಗೆ ಬಿಸಿಲು ಸೋಸಿಕೊಂಡು ಬರುತ್ತದೆ, ನಮ್ಮ ಬಾವಿಯ ತಳದಲ್ಲಿ ಕಣ್ಣು ತೆರೆದ ಹಾಗಿರುತ್ತದೆ. ಟ್ರೇಗಳ ಪುಟ್ಟ ಗೂಡುಗಳಲ್ಲಿ ತೆಂಗಿನ ನಾರಿನ ಪುಡಿ, ಅದರಲ್ಲಿ ಸಾಲು ಸಾಲಾಗಿ ಬದನೆ, ಟೊಮ್ಯಾಟೊ. ಒಂದು ಹಿಡಿ ಮಣ್ಣಿಲ್ಲ. ಗೀತಾಂಜಲಿ ಇಟ್ಟಿಗೆಯಂಥ ಆ ನಾರಿನ ಪುಡಿಯ ಗಟ್ಟಿಯನ್ನು ನೀರಿಗೆ ಹಾಕಿದಾಗ ಅದು ಉಬ್ಬಿ ಬುಟ್ಟಿ ತುಂಬುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮೊನ್ನೆ ಅಲ್ಲೇ ಕಣ್ಣು ಹತ್ತಿ ಕನಸು ಬಿತ್ತು. ನೆಲವೇ ಇಲ್ಲದ ಹೊಲ, ಸಸಿಗಳೆಲ್ಲ ಗಾಳಿಯಲ್ಲಿ ನಿಂತಿವೆ. ನಡುವೆ ನೀನು ಭೂಮಿತಾಯಿಗೆ ಚೆಲ್ಲುವ ಚರಗದ ಬುಟ್ಟಿ ಹೊತ್ತು ಬರುತ್ತಿದ್ದೆ. ನೀನು ಕಾಲಿಟ್ಟ ಕಡೆ ಮಾತ್ರ ಮಳೆ ಬಿದ್ದ ಎರೆಮಣ್ಣಿನ ವಾಸನೆ. ಎಚ್ಚರವಾದಾಗ ಅಲ್ಲಿ ನಾನೊಬ್ಬನೇ ಇದ್ದೆ.

ಆ ದಿನದ ಮಾತು ತೆಗೆಯಬಾರದು ಅಂದುಕೊಂಡಿದ್ದೆ, ತೆಗೆಯದೆ ಹೇಗೆ? ಸೀಗಿ ಹುಣ್ಣಿಮೆಗೆ ಹೊಲಕ್ಕೆಲ್ಲ ಚರಗ ಚೆಲ್ಲಿ ಬಂದೆವು. ಬುಟ್ಟಿಯಲ್ಲಿ ಉಳಿದದ್ದನ್ನು ನೀನು ಯಾರಿಗೂ ಹೇಳದೆ ಸಸಿಮನೆಗೆ ಒಯ್ದು ಟ್ರೇಗಳ ಮೇಲೆ ಚೆಲ್ಲಿಬಿಟ್ಟೆ. ಸಜ್ಜೆ ಕಡುಬು, ಪುಂಡಿಪಲ್ಯ, ಬದನೆ ಸಸಿಗೆ ಬದನೆಯದೇ ಎಣ್ಣೆಗಾಯಿ! ನಾನು ಕೇಳಿದಾಗ ನೀನೇನು ಅಂದೆ, ನೆನಪಿದೆಯೇ? “ಭೂಮ್ತಾಯಿ ಬಸುರಿ ಅಂತ ಬಯಕಿ ಉಣಸ್ತೀವಿ, ಈ ಕೂಸುಗೋಳ್ನ ಉಪಾಸ ಕೆಡವೂದು ಎಂಥಾ ನ್ಯಾಯ? ಮೊದ್ಲ ತಾಯಿ ಇಲ್ಲದವು.” ಆ ಮಾತಿಗೆ ನನಗೆ ನಗು ಬಂತು. ಆದರೆ ಟ್ರೇಗೆ ಮುತ್ತಿದ ಇರುವೆಗೆ ಅದೆಲ್ಲ ತಿಳಿಯಬೇಕಲ್ಲ. ಮೂರನೆಯ ದಿನಕ್ಕೆ ಬೂಸಲು ಹಿಡಿಯಿತು, ದಂಟಿನ ಬುಡ ಕೊಳೆತು ಎರಡು ಸಾಲು ಸಸಿ ಮಲಗಿದವು.

ಗೀತಾಂಜಲಿ ನಿನಗೆ ಒಂದು ಮಾತೂ ಅನ್ನಲಿಲ್ಲ. ಕೆಟ್ಟ ಟ್ರೇಗಳನ್ನು ಹೊರಗೊಯ್ದು ಚೆಲ್ಲಿ, ತೊಳೆದು, ಬಿಸಿಲಿಗೆ ಇಟ್ಟಳು. ಅವಳು ಬಾಯಿ ಮಾಡಿದ್ದರೆ ನೀನೂ ಬಾಯಿ ಮಾಡಿ, ಸಂಜೆಗೆ ಇಬ್ಬರೂ ಕೂಡಿ ರೊಟ್ಟಿ ಬಡಿಯುತ್ತಿದ್ದಿರಿ. ಅವಳು ಸುಮ್ಮನಿದ್ದದ್ದೇ ನಿನಗೆ ತಡೆಯಲಾಗಲಿಲ್ಲ. “ಮಣ್ಣೂ ಬ್ಯಾಡಾತು, ನಾನೂ ಬ್ಯಾಡಾದೆ” ಅಂದು ಚೀಲ ತುಂಬಿಕೊಂಡು ಮಗಳ ಮನೆಗೆ ಹೊರಟೆ. ಬಸ್ಸಿನವರೆಗೆ ಬಂದ ನಾನು ಇರು ಅನ್ನಲಿಲ್ಲ, ಎರಡು ದಿನಕ್ಕೆ ಸಿಟ್ಟು ಇಳಿದೀತು ಅಂದುಕೊಂಡೆ. ನೀನಿಲ್ಲದೆ ಬೇಸರ, ಹುಚ್ಚವ್ವಾ. ಈ ವಯಸ್ಸಿನಲ್ಲಿ ಇದನ್ನು ಮಗಳ ಬಾಯಿಂದ ಹೇಳಿಸಬೇಕಾಯಿತು ನೋಡು. ಮನೆಯಲ್ಲಿ ನನ್ನನ್ನು ಬೈಯುವವರೇ ಇಲ್ಲ, ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಕೊಂಡರೂ ಯಾರೂ ಕೇಳುವುದಿಲ್ಲ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು, ಸುವರ್ಣಾಳ ಮಕ್ಕಳ ತಲೆಯ ಮೇಲೆ ನನ್ನ ಬದಲು ಒಮ್ಮೆ ಕೈಯಾಡಿಸು. ಊರಿನ ದೇವರು ನಿನ್ನ ಮೊಣಕಾಲಿಗೆ ಬಲ ಕೊಡಲಿ, ನಿನ್ನ ಸಿಟ್ಟಿಗೆ ಮಾತ್ರ ಕೊಡದಿರಲಿ.

ನಿನ್ನವನೇ ಆದ
ಯಲಗೂರಪ್ಪ

ತಾ.ಕ.: ಬಬಲೇಶ್ವರದ ಬಸಗೊಂಡಪ್ಪ ಟೊಮ್ಯಾಟೊ ಸಸಿ ಒಯ್ಯಲು ಬಂದಿದ್ದಾನೆ. ಪತ್ರ ಅವನ ಕೈಯಲ್ಲೇ ಕೊಡುತ್ತಿದ್ದೇನೆ, ಗಾಡಿ ಚಾಲೂ ಮಾಡಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕೆಡದೆ ಉಳಿದ ಬದನೆ ಸಸಿ ನಮ್ಮ ಬಾವಿ ಹೊಲಕ್ಕೆಂದು ಇಟ್ಟದ್ದು. ಬೇರು ಗೂಡು ತುಂಬಿ ಹೆಣೆದುಕೊಂಡಿದೆ. ಇನ್ನೂ ತಡವಾದರೆ ಉದ್ದಕ್ಕೆ ಬೆಳೆದು ಸೊರಗುತ್ತವೆ, ನೆಟ್ಟರೂ ಹತ್ತುವುದಿಲ್ಲ. ಶಿವಲಿಂಗ ಸಾಲು ತೆಗೆದು ನೀರು ಹಾಯಿಸಿದ್ದಾನೆ. ಗೀತಾಂಜಲಿ ದಿನಾ ಟ್ರೇ ಹೊತ್ತು ಹೊಲದ ಬದುವಿನವರೆಗೆ ಹೋಗುತ್ತಾಳೆ, ನಿಲ್ಲುತ್ತಾಳೆ, ತಿರುಗಿ ಬರುತ್ತಾಳೆ. ಮೊದಲ ಸಸಿ ಅತ್ತೆಯ ಕೈಯಿಂದಲೇ ಮಣ್ಣಿಗಿಳಿಯಬೇಕಂತೆ. ಸಸಿ ಹಾಳಾಗುತ್ತವೆ, ಹಚ್ಚಿಬಿಡವ್ವಾ ಎಂದು ಇವತ್ತು ಬೆಳಿಗ್ಗೆ ಗದರಿದೆ. ಅವಳು ಅಳುತ್ತಾ ಅಂದಳು: “ಸಸಿ ಹಾಳಾದ್ರ ಮತ್ತ ಬೀಜಾ ಹಾಕ್ತೀನ್ರಿ ಮಾವಾರ. ಅತ್ತೀನ್ನ ಎಲ್ಲಿಂದ ತರ್ಲಿ?” ಇದಕ್ಕೆ ಉತ್ತರ ನೀನೇ ಬಂದು ಹೇಳು.