ಇಳಿದ ಗಾಂಧಾರ

ಭಾನುವಾರ, ಊಟವಾದ ಮೇಲೆ

ಗುಬ್ಬಿಗೆ ನಿನ್ನ ಸೋದರಮಾವನ ಆಶೀರ್ವಾದ. ಇವತ್ತು ಅರ್ಧ ಮಾತ್ರ ಕಳಿಸಿದ್ದೇನೆ. ಉಳಿದರ್ಧ ನಿನ್ನ ಉತ್ತರ ನೋಡಿಕೊಂಡು.

ನೀನು ಸಂಗೀತ ಕೊಟ್ಟ, ನಮ್ಮ ಮನೆಯ ಜೋಗುಳವೂ ಇದೆ ಅಂತ ಬರೆದಿದ್ದ ಸಿನಿಮಾ ನೋಡಿದೆವು. ನಾನು ಸುಮ್ಮನೆ ಹೋಗುವ ಆಸಾಮಿಯೇ? ನಮ್ಮ ಮದುವೆ ಬ್ಯಾಂಡಿನವರನ್ನೆಲ್ಲ ಕಟ್ಟಿಕೊಂಡು ಹೋದೆ. ಸಂಗೀತ ನನ್ನ ಅಕ್ಕನ ಮಗಳದು, ಅದರಲ್ಲೊಂದು ಧಾಟಿ ನನ್ನದು, ನೀವು ಎದ್ದು ಕುಣಿಯದಿದ್ದರೆ ಕೇಳಿ ಅಂತ ದಾರಿಯುದ್ದಕ್ಕೂ ಕೊಚ್ಚಿಕೊಂಡೆ. ನಾನು ಓದಿದ್ದು ಊರ ಶಾಲೆಯ ಏಳನೇ ಕ್ಲಾಸು. ಆದರೆ ಕ್ಲಾರಿನೆಟ್ ಬಾಯಿಗಿಟ್ಟರೆ ಮುನಿಸಿಕೊಂಡ ಬೀಗರೂ ಹಲ್ಲು ಕಿರಿಯುತ್ತಾರೆ, ಅದು ನಿನಗೂ ಗೊತ್ತು.

ಹಾಡು ಬಂತು. ಎರಡು ಸಾಲು ಕೇಳುವಷ್ಟರಲ್ಲಿ ಗೊತ್ತಾಯಿತು. ಧಾಟಿ ನನ್ನದೇ, ರಾಗ ಮಾತ್ರ ನನ್ನ ಮೋಹನವಲ್ಲ. ನಿನ್ನ ಅಮ್ಮ ದೂರದ ಕೆಲಸಕ್ಕೆಂದು ನಿನ್ನನ್ನು ನಮ್ಮ ಮನೆಯಲ್ಲಿ ಬಿಟ್ಟಿದ್ದಾಗ, ನಿದ್ದೆಯೆಂದರೆ ಹಗೆಯಾಗಿದ್ದ ನಿನಗೋಸ್ಕರ ನಾನು ಕಟ್ಟಿದ ಜೋಗುಳದ ಧಾಟಿ ಅದು. ಮೋಹನ ಅಂದರೆ ಬೆಳಗ್ಗೆ ಕಿಟಕಿ ತೆಗೆದ ಹಾಗೆ. ಅದರ ಗಾಂಧಾರ ಸ್ವರವೊಂದನ್ನು ಚೂರು ಇಳಿಸಿದರೆ ಶಿವರಂಜಿನಿ ರಾಗ. ಕಿಟಕಿ ಅದೇ, ಹೊರಗೆ ಯಾರೋ ಬಿಟ್ಟುಹೋಗುತ್ತಿದ್ದಾರೆ. ಸಿನಿಮಾದವರಿಗೆ ಅಷ್ಟು ಸಾಕು, ಪಿಟೀಲುಗಳನ್ನು ಸಾಲಾಗಿ ಕೂರಿಸಿ ಕಲ್ಲನ್ನೂ ಅಳಿಸುತ್ತಾರೆ.

ತೆರೆಯ ಮೇಲೆ ಸಾಕಿದವಳು ಬಾಗಿಲಲ್ಲಿ ನಿಂತಿದ್ದಾಳೆ, ಮಗು ಹೆತ್ತವರ ಕಾರು ಹತ್ತುತ್ತಿದೆ, ನನ್ನ ಧಾಟಿ ಗೋಳೋ ಅನ್ನುತ್ತಿದೆ. ತುತ್ತೂರಿಯವನು ಮೂಗು ಒರೆಸಿಕೊಳ್ಳುತ್ತಲೇ, ಏನಣ್ಣಾ, ಕುಣೀಬೇಕು ಅಂದಿದ್ಯಲ್ಲ, ಈಗ ಎದ್ದೇಳ್ಲಾ ಅಂತ ಕೇಳಿದ. ಭೂಮಿ ಬಾಯಿ ಬಿಡಲಿಲ್ಲ, ಅಷ್ಟೆ.

ನಿನ್ನ ಅತ್ತೆಯಂತೂ ಹಾಡು ಮುಗಿಯುವ ಮೊದಲೇ ಎದ್ದು ಹೋದಳು. ಆಮೇಲೆ ನೋಡಿದರೆ ಟಿಕೆಟ್ ಕಿಂಡಿಯ ಪಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ. ಗಂಡನ ಧಾಟಿಯನ್ನು ಗುಬ್ಬಿ ಕೆಡಿಸಿದಳಲ್ಲ ಅಂತ ಅವಳಿಗೂ ಸಂಕಟ, ಬಾಯಿ ಬಿಟ್ಟು ಹೇಳುವವಳಲ್ಲ.

ಒಂದು ಮಾತು ಕೇಳಿದ್ದರೆ ಅಳುವ ಧಾಟಿ ಹತ್ತು ಕಟ್ಟಿಕೊಡುತ್ತಿದ್ದೆ. ನೀನು ಕೇಳಲಿಲ್ಲ. ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ. ನಗಲಿ ಅಂತ ಕೊಟ್ಟದ್ದನ್ನು ಒಯ್ದು ಊರಿನವರನ್ನೆಲ್ಲ ಅಳಿಸಿದೆ. ಮುಂದಿನ ತಿಂಗಳು ಬರುತ್ತೇನೆ ಅಂದಿದ್ದೀಯ. ಬರಬೇಡ.

ಇಂತಿ,
ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರೆದ
ಮಾವ

ಮರೆತ ಮಾತು: ಹೇಗೆ ಬರೆದಿದ್ದೇನೆ ನೋಡು ಅಂತ ನಿನ್ನ ಅತ್ತೆಗೆ ಇದನ್ನು ಓದಿ ಹೇಳಿದೆ. ಅವಳು ಬಟ್ಟೆ ಮಡಚುತ್ತಲೇ, ಗುಬ್ಬಿ ಏನನ್ನೂ ಇಳಿಸಿಲ್ಲ, ನೀವು ಊದೋಕೆ ಹೋದಾಗೆಲ್ಲ ಮಗೂನ ಮಲಗಿಸ್ತಿದ್ದೋಳು ನಾನು, ಒಂದಿನ ಕರ್ಕೊಂಡು ಹೋಗ್ತಾರೆ ಅಂತ ಮೊದಲ ದಿನದಿಂದ ಗೊತ್ತಿತ್ತು, ನಿಮ್ಮ ಥರ ಹಾಡೋಕೆ ಗಂಟಲು ಒಪ್ಪಲಿಲ್ಲ, ತಾನಾಗೇ ಇಳಿದೋಯ್ತು ಅಂದಳು. ಅದನ್ನೇ ಸಿನಿಮಾಕ್ಕೆ ಹಾಕಿಕೊಳ್ಳಲಾ ಅಂತ ನೀನು ಅವಳನ್ನು ಕೇಳಿದ್ದೆಯಂತೆ. ಹೂಂ ಅಂದಿದ್ದಳಂತೆ. ಇಷ್ಟು ವರ್ಷ ನನ್ನ ಮನೆಯಲ್ಲೇ ಆ ಹಾಡು ಇತ್ತು. ನಿಮ್ಮಿಬ್ಬರಿಗೂ ಗೊತ್ತಿತ್ತು, ನನಗೆ ಯಾರೂ ಹೇಳಲಿಲ್ಲ. ಬರಬೇಡ ಅಂದದ್ದನ್ನು ಹೊಡೆದುಹಾಕಿ ಅನ್ನುತ್ತಿದ್ದಾಳೆ. ನಾನು ಹೊಡೆದುಹಾಕುವುದಿಲ್ಲ. ಆದರೂ ನೀನು ಬಾ. ಇಬ್ಬರೂ ಎಷ್ಟು ಬೇಕೋ ಅಷ್ಟು ಇಳಿಸಿ ಹಾಡಿಕೊಳ್ಳಿ. ಆ ದಿನ ನಾನು ಎಲ್ಲಾದರೂ ಊದಲು ಹೋಗಿರುತ್ತೇನೆ.